ಬಾಗಿಲು ಮುಚ್ಚಿದ ಮೇಲೆ ಓಡುವ ಮೀಟರು

ಚಿಕಾಗೊದ ಓ'ಹೇರ್ ನಿಲ್ದಾಣದಿಂದ ಶಾಂಪೇನ್ ಎಂಬ ಕಾಲೇಜು ಊರಿಗೆ ವಿಮಾನದಲ್ಲಿ ಪೂರ್ತಿ ಒಂದು ತಾಸೂ ಹಿಡಿಯುವುದಿಲ್ಲ. ಡಿಸೆಂಬರಿನ ಒಂದು ಸಂಜೆ ಅಲ್ಲಿಗೆ ಹೊರಟಿದ್ದೆ. ಟಿಕೆಟಿನ ಮೇಲೆ ಜಗತ್ತಿಗೇ ಗೊತ್ತಿರುವ ಕಂಪನಿಯ ಹೆಸರಿತ್ತು. ವಿಮಾನದ ಬಾಲಕ್ಕೆ ಅದೇ ಕಂಪನಿಯ ಬಣ್ಣ, ಗಗನಸಖಿಯ ಕೊರಳಿಗೆ ಅದೇ ಬಣ್ಣದ ಸ್ಕಾರ್ಫು. ಒಳಗೆ ಕಾಲಿಡುವಾಗ ಬಾಗಿಲ ಪಕ್ಕದಲ್ಲಿ, ಔಷಧದ ಬಾಟಲಿಯ ಮೇಲಿನ ಎಚ್ಚರಿಕೆಯಷ್ಟು ಸಣ್ಣ ಅಕ್ಷರದಲ್ಲಿ, ಇನ್ನೊಂದು ಹೆಸರು ಕಂಡಿತು. ಈ ವಿಮಾನವನ್ನು ಓಡಿಸುವವರು ಬೇರೆಯವರು ಎಂದು ಅದರ ಅರ್ಥ.

ನನ್ನದು ಕಿಟಕಿ ಸೀಟು. ಹೊರಗೆ ಜರಡಿಯಿಂದ ಹಿಟ್ಟು ಉದುರಿದ ಹಾಗೆ ಹಿಮ ಬೀಳುತ್ತಿತ್ತು. ಇಪ್ಪತ್ತೈದು ದಾಟಿರಲಿಕ್ಕಿಲ್ಲ ಅನ್ನಿಸುವ ಹುಡುಗನೊಬ್ಬ ಮಿನುಗುವ ಜಾಕೆಟ್ ತೊಟ್ಟು, ಟಾರ್ಚ್ ಹಿಡಿದು ವಿಮಾನಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದ. ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಟೈರಿಗೆ ಬೆಳಕು ಬಿಟ್ಟ. ರೆಕ್ಕೆಯ ಅಂಚನ್ನು ದಿಟ್ಟಿಸಿದ. ಎಂಜಿನ್ನಿನ ಬಾಯೊಳಗೆ ಇಣುಕಿದ. ನೆಲದ ಕೆಲಸ ನೋಡುವ ಸಿಬ್ಬಂದಿ ಇರಬೇಕು ಅಂದುಕೊಂಡೆ. ಐದು ನಿಮಿಷದ ಮೇಲೆ ಅದೇ ಹುಡುಗ ಒಳಬಂದು ಜಾಕೆಟ್ ಕಳಚಿದಾಗ ಹೆಗಲ ಮೇಲೆ ಮೂರು ಪಟ್ಟಿ. ಫಸ್ಟ್ ಆಫೀಸರ್, ಅಂದರೆ ಸಹಪೈಲಟ್.

ಹಿಮದ ಕಾಟಕ್ಕೆ ನಾವು ಗೇಟಿನಲ್ಲೇ ಒಂದೂವರೆ ತಾಸು ಕೂತೆವು. ಬಾಗಿಲು ತೆರೆದೇ ಇತ್ತು. ಕಾಕ್‌ಪಿಟ್ಟಿನಲ್ಲಿ ಇಬ್ಬರೂ ಕಾಗದಪತ್ರ ನೋಡುತ್ತ, ರೇಡಿಯೋದಲ್ಲಿ ಮಾತಾಡುತ್ತ, ಮತ್ತೆ ಲೆಕ್ಕ ಹಾಕುತ್ತ ಇದ್ದರು. ಅಷ್ಟೂ ಹೊತ್ತು ಅವರ ಸಂಬಳದ ಮೀಟರು ಓಡುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ.

ಅಮೆರಿಕದಲ್ಲಿ ವಿಮಾನದ ಪೈಲಟ್‌ಗೆ ಸಂಬಳ ತಾಸಿನ ಲೆಕ್ಕ. ಆದರೆ ಆ ತಾಸು ನಮ್ಮ ನಿಮ್ಮ ಗಡಿಯಾರದ ತಾಸಲ್ಲ. ಬಾಗಿಲು ಮುಚ್ಚಿ, ಬ್ರೇಕ್ ಬಿಟ್ಟು, ವಿಮಾನ ಗೇಟಿನಿಂದ ಜರುಗಿದ ಕ್ಷಣಕ್ಕೆ ಶುರು. ಮುಂದಿನ ಊರಿನ ಗೇಟಿನಲ್ಲಿ ನಿಂತಾಗ ಮುಕ್ತಾಯ. ಇದಕ್ಕೆ ಬ್ಲಾಕ್ ಅವರ್ ಅನ್ನುತ್ತಾರೆ. ಹವಾಮಾನ ಓದುವುದು, ವಿಮಾನ ಸುತ್ತಿ ನೋಡುವುದು, ಇಂಧನದ ಲೆಕ್ಕ, ಎರಡು ವಿಮಾನಗಳ ನಡುವೆ ನಿಲ್ದಾಣದ ಕುರ್ಚಿಯಲ್ಲಿ ಕಾಯುವ ಮೂರು ತಾಸು, ಇವೆಲ್ಲ ಮೀಟರಿನ ಹೊರಗೆ. ಮನೆಯಿಂದ ದೂರ ಇರುವ ಹೊತ್ತಿಗೆ ಊಟದ ಖರ್ಚೆಂದು ಸಣ್ಣದೊಂದು ಭತ್ಯೆ ಸಿಗುತ್ತದೆ, ಅಷ್ಟೆ. ಪೂರ್ತಿ ಅನ್ಯಾಯವಾಗದಿರಲೆಂದು ತಿಂಗಳಿಗೆ ಇಷ್ಟು ತಾಸಿನ ಸಂಬಳ ಖಾತ್ರಿ ಎಂದು ಕರಾರಿನಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ 75 ತಾಸಿನ ಆಸುಪಾಸು. ದಿನಕ್ಕೆ ಹನ್ನೆರಡು ತಾಸು ಸಮವಸ್ತ್ರದಲ್ಲಿದ್ದು ಐದು ತಾಸಿನ ಸಂಬಳ ಎಣಿಸಿಕೊಂಡು ಹೋಟೆಲ್ ಕೋಣೆಗೆ ಹೋಗುವ ದಿನಗಳು ಸಣ್ಣ ವಿಮಾನದವರಿಗೆ ಹೆಚ್ಚು. ಅವರ ಹಾರಾಟವೆಲ್ಲ ತುಂಡು ತುಂಡು. ಒಂದು ದಿನಕ್ಕೆ ನಾಲ್ಕು ಸಲ ಏರು, ನಾಲ್ಕು ಸಲ ಇಳಿ. ಮುಂಬೈಯಿಂದ ನ್ಯೂಯಾರ್ಕಿಗೆ ಹಾರುವವನು ಒಂದೇ ಸಲ ಬಾಗಿಲು ಮುಚ್ಚುತ್ತಾನೆ. ಇವರು ನಾಲ್ಕು ಸಲ ಮುಚ್ಚಿ ನಾಲ್ಕು ಸಲ ತೆರೆಯುತ್ತಾರೆ, ಪ್ರತಿ ಸಲ ತೆರೆದಾಗಲೂ ಮೀಟರು ನಿಲ್ಲುತ್ತದೆ.

ಇನ್ನು ಆ ಸಣ್ಣ ಅಕ್ಷರದ ಹೆಸರು. ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ ಹತ್ತಿ ನೋಡಿ. ಮೈಮೇಲೆ ಬಿಎಂಟಿಸಿ ಎಂದಿದೆ, ಟಿಕೆಟ್ ಕೊಡುವ ಕಂಡಕ್ಟರ್ ಬಿಎಂಟಿಸಿಯವರು, ದಾರಿ ಮತ್ತು ವೇಳೆ ಬಿಎಂಟಿಸಿಯದ್ದು. ಬಸ್ಸು ಮಾತ್ರ ಗುತ್ತಿಗೆ ಕಂಪನಿಯದ್ದು, ಸ್ಟಿಯರಿಂಗ್ ಹಿಡಿದವನಿಗೆ ಸಂಬಳ ಕೊಡುವುದೂ ಆ ಕಂಪನಿಯೇ. ಕಿಲೋಮೀಟರಿಗೆ ಇಷ್ಟೆಂದು ಬಿಎಂಟಿಸಿ ಕಂಪನಿಗೆ ಕೊಡುತ್ತದೆ. ಸೀಟು ತುಂಬಿದರೂ ಖಾಲಿ ಹೋದರೂ ಕಂಪನಿಗೆ ಬರುವುದು ಅಷ್ಟೇ.

ಅಮೆರಿಕದ ಪ್ರಾದೇಶಿಕ ವಿಮಾನಯಾನ ನಡೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಅಮೆರಿಕನ್ ಈಗಲ್, ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಎಂಬ ಹೆಸರಲ್ಲಿ ಹಾರುವ ವಿಮಾನಗಳನ್ನು ಓಡಿಸುವುದು ಸ್ಕೈವೆಸ್ಟ್, ರಿಪಬ್ಲಿಕ್, ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್, ಎಂಡೆವರ್ ಮುಂತಾದ ಕಂಪನಿಗಳು. ಕೆಲವನ್ನು ದೊಡ್ಡ ಕಂಪನಿಯೇ ಕೊಂಡು ಇಟ್ಟುಕೊಂಡಿದೆ: ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್ ಮೂರೂ ಅಮೆರಿಕನ್‌ನ ಮನೆಮಕ್ಕಳು, ಎಂಡೆವರ್ ಡೆಲ್ಟಾದ್ದು. ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಿನ ಸ್ಕೈವೆಸ್ಟ್ ಸ್ವತಂತ್ರ. ಅದು ಏಕಕಾಲಕ್ಕೆ ನಾಲ್ಕು ದೊಡ್ಡ ಕಂಪನಿಗಳ ಅಂಗಿ ತೊಡುತ್ತದೆ. ದರ ನಿಗದಿ, ಟಿಕೆಟ್ ಮಾರಾಟ, ವೇಳಾಪಟ್ಟಿ, ಇಂಧನದ ಬಿಲ್ಲು ಎಲ್ಲವೂ ದೊಡ್ಡ ಕಂಪನಿಯದ್ದು. ಸಣ್ಣ ಕಂಪನಿಗೆ ಹಾರಾಟಕ್ಕೆ ಇಷ್ಟೆಂದು ಕಟ್ಟಿಟ್ಟ ಹಣ. ಹಾಗಿದ್ದಮೇಲೆ ಅದು ಲಾಭ ಮಾಡುವುದು ಎಲ್ಲಿಂದ? ಇಂಧನ ಅದರ ಕೈಯಲ್ಲಿಲ್ಲ, ಟಿಕೆಟ್ ದರ ಅದರ ಕೈಯಲ್ಲಿಲ್ಲ. ಉಳಿಯುವುದು ಸಂಬಳ ಒಂದೇ. ಗುತ್ತಿಗೆ ನವೀಕರಣದ ಹೊತ್ತಿಗೆ ಎದುರು ಕಂಪನಿ ನಾಲ್ಕು ಕಾಸು ಕಡಿಮೆಗೆ ಒಪ್ಪಿದರೆ ವಿಮಾನಗಳು ಅತ್ತ ಹೋಗುತ್ತವೆ, ಪೈಲಟ್ ಇತ್ತ ಉಳಿಯುತ್ತಾನೆ.

ಒಮ್ಮೆ ಈ ಪೈಲಟ್‌ಗಳು ಗಟ್ಟಿಯಾಗಿ ಎದುರು ನಿಂತದ್ದುಂಟು. ಸಿನ್ಸಿನಾಟಿಯ ಕೊಮೇರ್ ಕಂಪನಿಯವರು 2001ರಲ್ಲಿ 89 ದಿನ ಮುಷ್ಕರ ಹೂಡಿದರು. ಅಲ್ಲಿ ವಿಮಾನದವರ ಮುಷ್ಕರ ಸುಲಭದ್ದಲ್ಲ. ರೈಲ್ವೆ ಕಾರ್ಮಿಕರಿಗೆಂದು 1926ರಲ್ಲಿ ಆದ ಕಾಯ್ದೆಯನ್ನೇ 1936ರಲ್ಲಿ ವಿಮಾನಕ್ಕೂ ಹೊಂದಿಸಿದರು. ಅದರ ಪ್ರಕಾರ ಕರಾರಿನ ಅವಧಿ ಮುಗಿಯುವುದೇ ಇಲ್ಲ, ತಿದ್ದುಪಡಿಗೆ ತೆರೆದುಕೊಳ್ಳುತ್ತದೆ ಅಷ್ಟೆ. ಹೊಸ ಕರಾರು ಆಗುವ ತನಕ ಹಳೆಯ ಸಂಬಳ. ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಬಿಡುಗಡೆ ಕೊಡಬೇಕು, ಮತ್ತೆ 30 ದಿನ ತಣ್ಣಗೆ ಕಾಯಬೇಕು, ಆಮೇಲೆ ಮುಷ್ಕರದ ಮಾತು. ಕೊಮೇರ್‌ನವರು ಅಷ್ಟೂ ಕಾದು, ಹೋರಾಡಿ, ಒಳ್ಳೆಯ ಕರಾರನ್ನೇ ಪಡೆದರು. 2012ರಲ್ಲಿ ಡೆಲ್ಟಾ ಆ ಕಂಪನಿಯನ್ನೇ ಮುಚ್ಚಿತು. ಮುಚ್ಚಲು ಬೇರೆ ಕಾರಣಗಳೂ ಇದ್ದವು. ಉಳಿದ ಕಂಪನಿಗಳ ಪೈಲಟ್‌ಗಳು ಮಾತ್ರ ಒಂದೇ ಪಾಠ ಕಲಿತರು ಅನ್ನಿಸುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ದೊಡ್ಡ ಕಂಪನಿಯ ಪೈಲಟ್‌ಗಳು ಸಣ್ಣವರ ಸುತ್ತ ಕಟ್ಟಿದ ಬೇಲಿ. 1978ರಲ್ಲಿ ಅಮೆರಿಕ ಸರ್ಕಾರ ವಿಮಾನಯಾನದ ಮೇಲಿನ ಹಿಡಿತ ಬಿಟ್ಟಿತು. ಆಮೇಲಿನ ವರ್ಷಗಳಲ್ಲಿ ದೊಡ್ಡ ಕಂಪನಿಗಳು ಸಣ್ಣ ಊರುಗಳ ಹಾರಾಟವನ್ನು ಹೊರಗಿನವರಿಗೆ ಒಪ್ಪಿಸತೊಡಗಿದವು. ನಾಳೆ ನಮ್ಮ ದೊಡ್ಡ ವಿಮಾನಗಳನ್ನೂ ಕಡಿಮೆ ಸಂಬಳದವರಿಗೆ ಒಪ್ಪಿಸಿದರೆ ಗತಿಯೇನು ಎಂದು ದೊಡ್ಡ ಕಂಪನಿಯ ಪೈಲಟ್ ಸಂಘಗಳು ಕರಾರಿನಲ್ಲಿ ಒಂದು ಷರತ್ತು ಸೇರಿಸಿದವು. ಹೊರಗಿನವರು ಓಡಿಸುವ ವಿಮಾನದಲ್ಲಿ 76ಕ್ಕಿಂತ ಹೆಚ್ಚು ಸೀಟು ಇರಕೂಡದು, ತೂಕ 86,000 ಪೌಂಡು, ಅಂದರೆ ಸುಮಾರು 39 ಟನ್ ಮೀರಕೂಡದು; ಇಂಥ ದೊಡ್ಡವು ಇಷ್ಟೇ ಇರಬೇಕು, ಉಳಿದವು 50 ಸೀಟಿನವು. ಇದನ್ನು ಸ್ಕೋಪ್ ಕ್ಲಾಜ್ ಅನ್ನುತ್ತಾರೆ. ಕಾಗದದ ಮೇಲಿನ ಈ ಒಂದು ಸಾಲು ಕಾರ್ಖಾನೆಗಳನ್ನೇ ಕುಣಿಸಿದೆ. ಬ್ರೆಜಿಲಿನ ಎಂಬ್ರಾಯರ್ ಇಂಧನ ಉಳಿಸುವ ಹೊಸ ಇ175-ಇ2 ವಿಮಾನ ರೂಪಿಸಿತು; ಹೊಸ ಎಂಜಿನ್ ಭಾರವಾದ್ದರಿಂದ ತೂಕ ಮಿತಿ ದಾಟಿತು, ಅಮೆರಿಕದಲ್ಲಿ ಕೊಳ್ಳುವವರಿಲ್ಲ. ಹಳೆಯ ಇ175 ಮಾತ್ರ ಈಗಲೂ ಬಿಸಿ ದೋಸೆಯ ಹಾಗೆ ಹೋಗುತ್ತದೆ. ಯುನೈಟೆಡ್ 2019ರಲ್ಲಿ ಇನ್ನೊಂದು ಉಪಾಯ ಹೂಡಿತು. ಎಪ್ಪತ್ತು ಜನ ಕೂರುವ ವಿಮಾನದಿಂದ ಸೀಟು ಕಿತ್ತು ಐವತ್ತಕ್ಕೆ ಇಳಿಸಿ, ಖಾಲಿಯಾದ ಜಾಗದಲ್ಲಿ ಲಗೇಜಿನ ಕಪಾಟು, ತಿಂಡಿಯ ಮೇಜು ಇಟ್ಟು ಸಿಆರ್‌ಜೆ-550 ಎಂದು ಹೆಸರಿಟ್ಟಿತು. ಪ್ರಯಾಣಿಕರು ಕಾಲು ಚಾಚಲು ಜಾಗ ಸಿಕ್ಕಿತೆಂದು ಖುಷಿಪಟ್ಟರು. ಆ ಜಾಗ ಸಿಕ್ಕಿದ್ದು ಪೈಲಟ್ ಸಂಘದ ಕರಾರಿನಿಂದ ಎಂದು ಅವರಿಗೆ ಯಾರು ಹೇಳುತ್ತಾರೆ!

ಇಷ್ಟು ಕಡಿಮೆ ಸಂಬಳಕ್ಕೆ ಜನ ಏಕೆ ಒಪ್ಪುತ್ತಿದ್ದರು? ಸರದಿಗಾಗಿ. ಸಣ್ಣ ವಿಮಾನದಲ್ಲಿ ತಾಸುಗಳನ್ನು ಗಳಿಸಿ, ಕ್ಯಾಪ್ಟನ್ ಆಗಿ, ಒಂದು ದಿನ ದೊಡ್ಡ ಕಂಪನಿಯಿಂದ ಕರೆ ಬರುತ್ತದೆಂದು ಕಾಯುವುದು. ಸರದಿ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಈ ಶತಮಾನದ ಮೊದಲ ದಶಕ ತೋರಿಸಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ದೊಡ್ಡ ಕಂಪನಿಗಳು ಒಂದರ ಹಿಂದೊಂದು ದಿವಾಳಿ ಅರ್ಜಿ ಹಾಕಿದವು, ಸಂಬಳ ಕತ್ತರಿಸಿದವು, ಪಿಂಚಣಿ ಕೈಬಿಟ್ಟವು. 2007ರ ಡಿಸೆಂಬರಿನಲ್ಲಿ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿತು. ಮೇಲಿನವರು ಐದು ವರ್ಷ ಎದ್ದೇಳಲಿಲ್ಲ, ಕೆಳಗಿನವರು ಐದು ವರ್ಷ ಕೂತಲ್ಲೇ ಕೂತರು. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್, 2009ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ತನ್ನ ಸಂಬಳ ಶೇಕಡ 40ರಷ್ಟು ಇಳಿದಿದೆ, ಪಿಂಚಣಿ ಹೋಗಿದೆ ಎಂದು ಹೇಳಿದರು. ತಮ್ಮ ಮಕ್ಕಳು ಈ ಕೆಲಸಕ್ಕೆ ಬರಲಿ ಅನ್ನುವ ಒಬ್ಬ ಪೈಲಟ್ಟೂ ತನಗೆ ಗೊತ್ತಿಲ್ಲ ಅಂದರು.

ಅವರು ಆ ಮಾತು ಹೇಳುವ ಹನ್ನೆರಡು ದಿನ ಮೊದಲು, ಫೆಬ್ರವರಿ 12ರ ರಾತ್ರಿ, ನೆವಾರ್ಕ್‌ನಿಂದ ಬಫೆಲೊಗೆ ಹೊರಟ ವಿಮಾನವೊಂದು ಇಳಿಯುವ ಮುಂಚೆ ಮನೆಯೊಂದರ ಮೇಲೆ ಬಿತ್ತು. ಟಿಕೆಟಿನ ಮೇಲೆ ಕಾಂಟಿನೆಂಟಲ್ ಎಂದಿತ್ತು. ಓಡಿಸುತ್ತಿದ್ದದ್ದು ಕೋಲ್ಗನ್ ಏರ್. ವಿಮಾನದಲ್ಲಿದ್ದ 49 ಜನ, ನೆಲದ ಮೇಲಿನ ಒಬ್ಬರು ಸತ್ತರು. ವೇಗ ಕುಸಿದಾಗ ಎಚ್ಚರಿಕೆಯ ಕಂಪನಕ್ಕೆ ಕ್ಯಾಪ್ಟನ್ ಮೂತಿ ತಗ್ಗಿಸುವ ಬದಲು ಎತ್ತಿದ್ದು ಮುಖ್ಯ ಕಾರಣ ಎಂದು ತನಿಖೆ ಹೇಳಿತು. ಆದರೆ ತನಿಖೆಯ ವಿಚಾರಣೆಯಲ್ಲಿ ಹೊರಬಿದ್ದ ಬೇರೆ ಸಂಗತಿಗಳು ಅಮೆರಿಕದವರನ್ನು ಬೆಚ್ಚಿಬೀಳಿಸಿದವು. ಸಹಪೈಲಟ್‌ಗೆ 24 ವರ್ಷ. ಮನೆ ಪಶ್ಚಿಮ ಕರಾವಳಿಯ ಸಿಯಾಟಲ್ ಬಳಿ, ಕೆಲಸದ ಊರು ಪೂರ್ವ ಕರಾವಳಿಯ ನೆವಾರ್ಕ್. ಹಿಂದಿನ ರಾತ್ರಿ ಸರಕು ವಿಮಾನಗಳಲ್ಲಿ ಮೆಂಫಿಸ್ ಮೂಲಕ ದೇಶದ ಆ ತುದಿಯಿಂದ ಈ ತುದಿಗೆ ಬಂದು, ಸಿಬ್ಬಂದಿ ಕೋಣೆಯ ಸೋಫಾದಲ್ಲಿ ಒರಗಿದ್ದರು. ವರ್ಷದ ಸಂಬಳವೆಂದು ವಿಚಾರಣೆಯಲ್ಲಿ ಬಂದ ಅಂಕಿ ಸುಮಾರು 16,000 ಡಾಲರ್. ಹಿಂದೆ ಕಾಫಿ ಅಂಗಡಿಯಲ್ಲೂ ಕೆಲಸ ಮಾಡಿದ್ದರು. ದಣಿವು ಎಷ್ಟರಮಟ್ಟಿಗೆ ಕಾರಣ ಎಂದು ತನಿಖಾ ಮಂಡಳಿ ಅಳೆದು ಹೇಳಲಿಲ್ಲ. ಇಬ್ಬರೂ ದಣಿದಿರುವ ಸಾಧ್ಯತೆಯನ್ನು ಮಾತ್ರ ಒಪ್ಪಿತು.

ಕೆಲಸದ ಊರಿನಲ್ಲಿ ಏಕೆ ಇರಲಿಲ್ಲ ಎಂದು ನಮಗೆ ಅನ್ನಿಸಬಹುದು. ಆ ಸಂಬಳದಲ್ಲಿ ನ್ಯೂಯಾರ್ಕಿನ ಮಗ್ಗುಲಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ? ಅದಕ್ಕೇ ಈ ಪೈಲಟ್‌ಗಳು ಕ್ರಾಶ್ ಪ್ಯಾಡ್ ಎಂಬ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಎಂಟು ಹತ್ತು ಜನ ಸೇರಿ ಒಂದು ಮನೆ, ಒಂದರ ಮೇಲೊಂದು ಮಂಚ, ಯಾರು ಊರಲ್ಲಿದ್ದಾರೋ ಅವರು ಮಲಗುವುದು. ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಇಂಥ ಮನೆಗಳು ಎಷ್ಟು ಹೆಚ್ಚಿದವೆಂದರೆ ಜನ ಅದನ್ನು ಕ್ರೂ ಗಾರ್ಡನ್ಸ್ ಎಂದೇ ಕರೆಯತೊಡಗಿದರು. ನಮ್ಮ ಬ್ಯಾಚುಲರ್ ರೂಮುಗಳಿಗೆ ಟೈ, ಟೋಪಿ ತೊಡಿಸಿದರೆ ಹೀಗಿರುತ್ತದೇನೋ.

ಸತ್ತವರ ಮನೆಯವರು ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್ನಿಗೆ ಹೋಗಿ ಹೋಗಿ 2010ರ ಆಗಸ್ಟಿನಲ್ಲಿ ಕಾನೂನು ತಂದರು. ಅಲ್ಲಿಯವರೆಗೆ 250 ತಾಸು ಹಾರಿದವರೂ ಪ್ರಯಾಣಿಕ ವಿಮಾನದಲ್ಲಿ ಸಹಪೈಲಟ್ ಆಗಬಹುದಿತ್ತು. 2013ರಿಂದ 1,500 ತಾಸು ಕಡ್ಡಾಯವಾಯಿತು. ಸೈನ್ಯದಲ್ಲಿ ಹಾರಿದವರಿಗೆ 750, ವಿಮಾನಯಾನದಲ್ಲಿ ನಾಲ್ಕು ವರ್ಷದ ಪದವಿ ಪಡೆದವರಿಗೆ 1,000. ಇಲ್ಲಿ ಒಂದು ಮಾತು ಹೇಳಲೇಬೇಕು. ಕೋಲ್ಗನ್ ವಿಮಾನದ ಇಬ್ಬರೂ ಪೈಲಟ್‌ಗಳು 1,500 ತಾಸು ಎಂದೋ ದಾಟಿದ್ದರು. ಸಹಪೈಲಟ್‌ಗೇ 2,200ಕ್ಕೂ ಹೆಚ್ಚು ತಾಸಿನ ಅನುಭವವಿತ್ತು. ಅಪಘಾತಕ್ಕೂ ಆ ಅಂಕಿಗೂ ನೇರ ಸಂಬಂಧವೇ ಇರಲಿಲ್ಲ. ಕಾನೂನು ಸುರಕ್ಷತೆಗೆ ಎಷ್ಟು ನೆರವಾಯಿತು ಎಂದು ಅಲ್ಲಿಯವರು ಇವತ್ತಿಗೂ ಜಗಳಾಡುತ್ತಾರೆ. ಅದರ ಜೊತೆ ಬಂದ, 2014ರಿಂದ ಜಾರಿಯಾದ ವಿಶ್ರಾಂತಿಯ ನಿಯಮಗಳೇ ಹೆಚ್ಚು ಉಪಕಾರ ಮಾಡಿದವು ಎಂದು ನನ್ನ ಅಂದಾಜು. ಪಾಳಿಗೆ ಮೊದಲು ಹತ್ತು ತಾಸು ಬಿಡುವು, ಅದರಲ್ಲಿ ಎಂಟು ತಾಸು ನಿದ್ದೆಗೆ ಅವಕಾಶ. ಆದರೆ ಸಂಬಳದ ಮಟ್ಟಿಗೆ 1,500 ಎಂಬ ಅಂಕಿ ಮಾಡಿದ ಕೆಲಸವನ್ನು ಯಾವ ಸಂಘವೂ ಮಾಡಿರಲಿಲ್ಲ. ಬಾಗಿಲು ಕಿರಿದಾಯಿತು. ಒಳಬರುವವರು ಕಡಿಮೆಯಾದರು.

ಪರಿಣಾಮ ಮೊದಲು ಕಂಡದ್ದು ಸಣ್ಣವರಲ್ಲೂ ಸಣ್ಣವರಲ್ಲಿ. ವ್ಯೋಮಿಂಗ್ ರಾಜ್ಯದ ಗ್ರೇಟ್ ಲೇಕ್ಸ್ ಏರ್‌ಲೈನ್ಸ್ ತನ್ನ 19 ಸೀಟಿನ ವಿಮಾನಗಳಿಂದ ಹತ್ತು ಸೀಟು ಕಿತ್ತುಹಾಕಿತು. ಒಂಬತ್ತು ಸೀಟಿನ ವಿಮಾನಕ್ಕೆ ಹೊಸ ನಿಯಮ ತಾಗುವುದಿಲ್ಲ, ಕಡಿಮೆ ತಾಸಿನ ಪೈಲಟ್‌ಗಳನ್ನು ತೆಗೆದುಕೊಳ್ಳಬಹುದು ಎಂಬ ಲೆಕ್ಕ. ಅಷ್ಟಾದರೂ 2018ರ ಮಾರ್ಚಿನಲ್ಲಿ ಹಾರಾಟ ನಿಲ್ಲಿಸಿತು. ಮುಂದೆ ಕೋವಿಡ್. ದೊಡ್ಡ ಕಂಪನಿಗಳು 2020ರಲ್ಲಿ ಹಿರಿಯ ಪೈಲಟ್‌ಗಳಿಗೆ ದುಡ್ಡು ಕೊಟ್ಟು ಮನೆಗೆ ಕಳಿಸಿದವು. ಪ್ರಯಾಣಿಕರು ಯಾರೂ ಎಣಿಸದಷ್ಟು ಬೇಗ ವಾಪಸಾದರು. ಆಗ ದೊಡ್ಡವರಿಗೆ ಪೈಲಟ್‌ಗಳು ಬೇಕಾದರು. ಅವರು ಇದ್ದದ್ದು ಸಣ್ಣ ಕಂಪನಿಗಳಲ್ಲಿ. ಕೊಳದಿಂದ ಒಂದೇ ಸಲ ನೀರು ಸೆಳೆದ ಹಾಗಾಯಿತು. 2022ರ ಮಾರ್ಚಿನಲ್ಲಿ ಸ್ಕೈವೆಸ್ಟ್, ಸರ್ಕಾರದ ಸಹಾಯಧನದಲ್ಲಿ ಹಾರುತ್ತಿದ್ದ 29 ಸಣ್ಣ ಊರುಗಳನ್ನು ಬಿಡುತ್ತೇವೆ, ಪೈಲಟ್‌ಗಳಿಲ್ಲ ಎಂದು ನೋಟಿಸ್ ಕೊಟ್ಟಿತು. ರಿಪಬ್ಲಿಕ್ ಕಂಪನಿ ತನ್ನ ತರಬೇತಿ ಶಾಲೆಯವರಿಗೆ 750 ತಾಸು ಸಾಕು ಎಂದು ವಿನಾಯಿತಿ ಕೇಳಿತು, ಸರ್ಕಾರ ಒಪ್ಪಲಿಲ್ಲ.

ಅದೇ 2022ರ ಜೂನ್‌ನಲ್ಲಿ ಅಮೆರಿಕನ್‌ನ ಮೂರು ಮನೆಮಕ್ಕಳು ಸಂಬಳ ಏರಿಸಿದರು. ಹೊಸ ಸಹಪೈಲಟ್‌ಗೆ ತಾಸಿಗೆ 90 ಡಾಲರ್, ಹೊಸ ಕ್ಯಾಪ್ಟನ್‌ಗೆ 146. ಅದರಲ್ಲಿ ಮೂರನೇ ಒಂದು ಪಾಲು ತಾತ್ಕಾಲಿಕ ಎಂದು ಬರೆದಿದ್ದರು. ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ತಿಂಗಳಿಗೆ 75 ತಾಸಿನ ಖಾತ್ರಿ, ತಾಸಿಗೆ 20 ಡಾಲರ್ ಆದರೆ ವರ್ಷಕ್ಕೆ 18,000. ಅದೇ 75 ತಾಸು, 90 ಡಾಲರ್ ಆದರೆ 81,000. ವಿಮಾನ ಅದೇ, ಹಿಮ ಅದೇ, ಟಾರ್ಚೂ ಅದೇ. ಉಳಿದ ಸಣ್ಣ ಕಂಪನಿಗಳು ಹಿಂದೆಯೇ ಓಡಿದವು. ವರ್ಷಗಟ್ಟಲೆ ಗೋಗರೆದರೂ ತೆವಳುತ್ತಲೇ ಇದ್ದ ಸಂಬಳ ಒಂದು ಬೇಸಿಗೆಯಲ್ಲಿ ಹಾರಿತು, ಅದೂ ಬಫೆಲೊದ 50 ಸಾವಿನ ಹದಿಮೂರು ವರ್ಷಗಳ ಮೇಲೆ. ಸರದಿಯಲ್ಲಿ ನಿಲ್ಲುವವರು ಇಲ್ಲ ಎಂದು ಗೊತ್ತಾದಾಗ ಮಾತ್ರ ಸರದಿಗೆ ಬೆಲೆ ಬಂತು. ದೊಡ್ಡವರದ್ದೂ ಏರಿತು: 2023ರ ಡೆಲ್ಟಾ ಕರಾರು ನಾಲ್ಕು ವರ್ಷದಲ್ಲಿ ಶೇಕಡ 34ರಷ್ಟು ಹೆಚ್ಚಳ ಕೊಟ್ಟಿತು, ಯುನೈಟೆಡ್ ಮತ್ತು ಅಮೆರಿಕನ್ ಅದೇ ವರ್ಷ ಅದನ್ನೇ ಹಿಂಬಾಲಿಸಿದವು.

ಈ ಸರದಿಯ ಒಳಗೊಂದು ಸರದಿ ಇದೆ. ಕೆಲಸಕ್ಕೆ ಸೇರಿದ ದಿನ ಪ್ರತಿ ಪೈಲಟ್‌ಗೆ ಒಂದು ಸೀನಿಯಾರಿಟಿ ನಂಬರ್ ಸಿಗುತ್ತದೆ. ಒಂದೇ ದಿನ ಇಪ್ಪತ್ತು ಜನ ಸೇರಿದರೆ ಯಾರು ಮೇಲೆ, ಯಾರು ಕೆಳಗೆ? ಕೆಲವೆಡೆ ವಯಸ್ಸಿನ ಪ್ರಕಾರ, ಕೆಲವೆಡೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಅಂಕಿಗಳ ಪ್ರಕಾರ. ಆಮೇಲೆ ಇಡೀ ಬದುಕು ಆ ನಂಬರಿನ ಹಿಂದೆ. ಯಾವ ಊರು, ಯಾವ ವಿಮಾನ, ಎಡಗಡೆ ಸೀಟೋ ಬಲಗಡೆ ಸೀಟೋ, ಕ್ರಿಸ್‌ಮಸ್‌ಗೆ ಮನೆಯಲ್ಲೋ ಹೋಟೆಲಿನಲ್ಲೋ, ಎಲ್ಲ ತೀರ್ಮಾನವಾಗುವುದು ಆ ನಂಬರಿನಿಂದ. ಚೆನ್ನಾಗಿ ಹಾರಿಸುತ್ತಾನೆಂದು ಯಾರೂ ಮೇಲೆ ಹತ್ತುವುದಿಲ್ಲ. ನಮ್ಮ ಸರ್ಕಾರಿ ಕಚೇರಿಯ ಜ್ಯೇಷ್ಠತಾ ಪಟ್ಟಿ ಗೊತ್ತಿದ್ದವರಿಗೆ ಇದರ ಸುಖ ದುಃಖ ಎರಡೂ ಗೊತ್ತು. ಮೇಲಧಿಕಾರಿಯ ಮರ್ಜಿ ಕಾಯಬೇಕಿಲ್ಲ, ಅದು ಸುಖ. ದುಃಖ ಏನೆಂದರೆ ಕಂಪನಿ ಬದಲಿಸಿದರೆ ನಂಬರ್ ಸೊನ್ನೆಗೆ ಇಳಿಯುತ್ತದೆ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವನ ಕಂಪನಿ ಮುಚ್ಚಿದರೆ, ಮುಂದಿನ ಕಂಪನಿಯಲ್ಲಿ ನಿನ್ನೆ ಸೇರಿದ ಹುಡುಗನ ಹಿಂದೆ ನಿಲ್ಲಬೇಕು. 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್ ಎಂಬ ಎರಡು ಸಣ್ಣ ಕಂಪನಿಗಳು ಮುಚ್ಚಿದಾಗ ಹೀಗೆ ಸೊನ್ನೆಗೆ ಬಂದವರು ಎಷ್ಟೋ ಜನ. ಅದಕ್ಕೇ ಎನ್ವಾಯ್‌ನಂಥ ಮನೆಮಕ್ಕಳು ಫ್ಲೋ ಎಂಬ ಆಸೆ ತೋರಿಸುತ್ತಾರೆ: ಇಲ್ಲಿ ಸೇರು, ಸರದಿ ಬಂದಾಗ ಸಂದರ್ಶನವಿಲ್ಲದೆ ಅಮೆರಿಕನ್‌ಗೆ ದಾಟು. ದಾಟಿದ ಮೇಲೆ ಅಲ್ಲಿ ಮತ್ತೆ ಕೆಳಗಿನಿಂದಲೇ.

*

ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಈ ಅಮೆರಿಕದ ಅಂಕಿಗಳನ್ನು ಹೇಳಿದ್ದೇ ತಪ್ಪಾಯಿತು. ಅವರ ಮಗ ಪೈಲಟ್ ಲೈಸೆನ್ಸ್ ಪಡೆದು ಒಂದೂವರೆ ವರ್ಷವಾಗಿತ್ತು.

"ಹಂಗಾರ ಅಲ್ಲೇ ಹೋಗಂದ್ರ ಆತಲ್ರೀ?"

ಆಗುವುದಿಲ್ಲ. ಅಮೆರಿಕದ ಹಾರಾಟ ಶಾಲೆಗಳಿಗೆ ನಮ್ಮ ಹುಡುಗರು ವಿದ್ಯಾರ್ಥಿ ವೀಸಾದಲ್ಲಿ ಹೋಗುತ್ತಾರೆ, ಕಲಿಯುತ್ತಾರೆ, ಅಲ್ಲಿನ ಲೈಸೆನ್ಸ್ ಹಿಡಿದು ವಾಪಸು ಬಂದು ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪರೀಕ್ಷೆ ಬರೆದು ಅದನ್ನು ಇಲ್ಲಿಗೆ ಹೊಂದಿಸಿಕೊಳ್ಳುತ್ತಾರೆ. ಅಲ್ಲಿನ ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸಾಮಾನ್ಯವಾಗಿ ಪೌರತ್ವವೋ ಗ್ರೀನ್ ಕಾರ್ಡೋ ಬೇಕು. ಮೇಷ್ಟ್ರ ಮಗ ಕಲಿತದ್ದು ಇಲ್ಲೇ. ನಮ್ಮಲ್ಲಿ 200 ತಾಸು ಹಾರಿದರೆ ಕಮರ್ಷಿಯಲ್ ಲೈಸೆನ್ಸ್. ಬೆಂಗಳೂರಿನ ಜಕ್ಕೂರು ಹಳೆಯ ಶಾಲೆ. ಈಚೆಗೆ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲೂ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟಿದ್ದಾರೆ. ಕಲಿಯಲು ಅರ್ಧ ಕೋಟಿಯ ಲೆಕ್ಕ. ಮೇಷ್ಟ್ರು ಧಾರವಾಡದ ಸೈಟು ಮಾರಿದ್ದರು. ಲೈಸೆನ್ಸ್ ಬಂದ ಮೇಲೆ ಇನ್ನೊಂದು ಮೆಟ್ಟಿಲಿದೆ, ಟೈಪ್ ರೇಟಿಂಗ್. ಏರ್‌ಬಸ್ ಆದರೆ ಏರ್‌ಬಸ್‌ಗೆ, ಎಟಿಆರ್ ಆದರೆ ಎಟಿಆರ್‌ಗೆ, ಬೇರೆ ಬೇರೆ ತರಬೇತಿ, ಮತ್ತೆ ಹತ್ತಿಪ್ಪತ್ತು ಲಕ್ಷ. ತಪ್ಪು ವಿಮಾನದ ರೇಟಿಂಗ್ ಮಾಡಿಸಿಕೊಂಡರೆ, ಲಾರಿ ಲೈಸೆನ್ಸ್ ಹಿಡಿದು ಕಾರಿನ ಕೆಲಸ ಹುಡುಕಿದ ಹಾಗೆ. ಮೇಷ್ಟ್ರ ಮಗ ಇದೇ ಲೆಕ್ಕಾಚಾರದಲ್ಲಿ ಒಂದೂವರೆ ವರ್ಷ ಕಳೆದಿದ್ದ.

ನಮ್ಮ ಕಡೆಯವರಿಗೆ ಸಣ್ಣ ವಿಮಾನ ಹೊಸದಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ 2003ರ ಆಗಸ್ಟಿನಲ್ಲಿ ಎಟಿಆರ್ ವಿಮಾನವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿದಾಗ ನಮ್ಮೂರಿನ ಅರ್ಧ ಜನ ನಿಲ್ದಾಣದ ಬೇಲಿಗೆ ಆತುಕೊಂಡಿದ್ದರು ಎಂದು ಈಗಲೂ ಹೇಳುವವರಿದ್ದಾರೆ. 2017ರ ಏಪ್ರಿಲ್‌ನಲ್ಲಿ, ಸಣ್ಣ ಊರುಗಳ ಹಾರಾಟಕ್ಕೆ ಸರ್ಕಾರ ಸಹಾಯಧನ ಕೊಡುವ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿತು. ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂಬ ಮಾತು ಮನೆಮಾತಾಯಿತು. 2019ರ ಜನವರಿಯಲ್ಲಿ ಸ್ಟಾರ್ ಏರ್ 50 ಸೀಟಿನ ಎಂಬ್ರಾಯರ್ ಇಟ್ಟುಕೊಂಡು ಬೆಂಗಳೂರು–ಹುಬ್ಬಳ್ಳಿ ದಾರಿಯಲ್ಲಿ ಶುರುವಾಯಿತು. ಆ ವರ್ಷದ ನವೆಂಬರ್‌ನಲ್ಲಿ ಕಲಬುರಗಿ, ಮರುವರ್ಷ ಬೀದರ್, 2023ರಲ್ಲಿ ಶಿವಮೊಗ್ಗ ನಿಲ್ದಾಣಗಳು ತೆರೆದವು. ಸ್ಟಾರ್ ಏರ್ ಮುಂದೆ ತಂದ ಇ175 ವಿಮಾನಕ್ಕೂ 76 ಸೀಟು. ಅಮೆರಿಕದ ಪೈಲಟ್ ಸಂಘದ ಬೇಲಿಯ ಅಂಕಿ ನಮ್ಮೂರಿನ ಆಕಾಶದಲ್ಲೂ ಹಾರುತ್ತದೆ, ಬೇಲಿ ಮಾತ್ರ ಇಲ್ಲಿಲ್ಲ.

ನಮ್ಮಲ್ಲಿ ಬೇಲಿ ಬೇರೆ ಕಡೆ. ಅಮೆರಿಕದ ಪೈಲಟ್ ಎರಡು ವಾರದ ನೋಟಿಸ್ ಕೊಟ್ಟು ಹೊರಡಬಹುದು. ಅವನನ್ನು ಹಿಡಿದಿಡುವುದು ನಂಬರ್. ನಮ್ಮಲ್ಲಿ ಹಿಡಿದಿಡುವುದು ನಿಯಮ. 2017ರಲ್ಲಿ ಡಿಜಿಸಿಎ ಕೆಲಸ ಬಿಡುವ ಕ್ಯಾಪ್ಟನ್‌ಗೆ ಒಂದು ವರ್ಷ, ಸಹಪೈಲಟ್‌ಗೆ ಆರು ತಿಂಗಳ ನೋಟಿಸ್ ಎಂದು ನಿಗದಿ ಮಾಡಿತು. ಪೈಲಟ್‌ಗಳು ಕೋರ್ಟಿಗೆ ಹೋದರು. 2023ರಲ್ಲಿ ಆಕಾಸ ಏರ್, ತನ್ನ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೋದರು ಎಂದು ತಾನೇ ಕೋರ್ಟ್ ಮೆಟ್ಟಿಲೇರಿತು. ಕಂಪನಿಯ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಒಬ್ಬ ಕ್ಯಾಪ್ಟನ್ ಎದ್ದುಹೋದರೆ ಆ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಲು ತಿಂಗಳುಗಳು ಬೇಕು, ಅಷ್ಟು ದಿನ ವಿಮಾನ ನಿಂತಿರುತ್ತದೆ. ನಾಲ್ಕೈದು ವಿಮಾನವಿರುವ ಪ್ರಾದೇಶಿಕ ಕಂಪನಿಗೆ ಇಬ್ಬರು ಹೋದರೂ ಒಂದು ಊರಿನ ಸೇವೆ ರದ್ದು. ಆದರೆ ನಾಳೆಯ ಹಾರಾಟಕ್ಕೆ ಗ್ಯಾರಂಟಿ ಇಲ್ಲದ ಕಂಪನಿ ಪೈಲಟ್‌ನಿಂದ ಒಂದು ವರ್ಷದ ಗ್ಯಾರಂಟಿ ಕೇಳುವಾಗ ತಕ್ಕಡಿ ಒಂದೇ ಕಡೆ ವಾಲಿದಂತೆ ನನಗೆ ಕಾಣುತ್ತದೆ. ಉಡಾನ್ ಬಗ್ಗೆ ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿ ನೋಡಿ. ಮೊದಲ ಮೂರು ಸುತ್ತಿನಲ್ಲಿ ಹಂಚಿದ ದಾರಿಗಳು 774. ಹಾರಾಟ ಶುರುವಾದದ್ದು 371ರಲ್ಲಿ. ಸಹಾಯಧನದ ಮೂರು ವರ್ಷ ಪೂರೈಸಿದ್ದು 112. ಅದರಾಚೆಗೂ ನಡೆಯುತ್ತಿದ್ದದ್ದು 54. ಈ ಅಂಕಿಗಳನ್ನು ನಾವು ಪ್ರಯಾಣಿಕರ ಲೆಕ್ಕದಲ್ಲಿ ಓದುತ್ತೇವೆ. ಪ್ರತಿ ದಾರಿಯ ಹಿಂದೆ ಕೆಲಸ ನಂಬಿಕೊಂಡ ಪೈಲಟ್‌ಗಳೂ ಇದ್ದರು.

ದಣಿವಿನ ಪ್ರಶ್ನೆಯೂ ನಮ್ಮಲ್ಲಿಗೆ ತಡವಾಗಿ ಬಂತು. ವಾರದ ಬಿಡುವನ್ನು 36 ತಾಸಿನಿಂದ 48 ತಾಸಿಗೆ ಏರಿಸುವ, ರಾತ್ರಿ ಇಳಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮಗಳು 2025ರಲ್ಲಿ ಎರಡು ಕಂತುಗಳಲ್ಲಿ ಜಾರಿಯಾದವು. ಎರಡನೆಯ ಕಂತು ಬಂದ ತಿಂಗಳೊಪ್ಪತ್ತಿನಲ್ಲಿ, ಡಿಸೆಂಬರಿನ ಮೊದಲ ವಾರ, ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿತು. ಬೆಂಗಳೂರಿನ ನಿಲ್ದಾಣದಲ್ಲಿ ಸೂಟ್‌ಕೇಸುಗಳ ನಡುವೆ ಮಲಗಿದ್ದ ಮಂದಿ ಪೈಲಟ್‌ಗಳನ್ನು ಬೈಯುತ್ತಿದ್ದರು. ಪೈಲಟ್‌ಗಳು ನಿದ್ದೆ ಮಾಡಬೇಕು ಎಂದು ಬರೆದಿದ್ದ ಕಾಗದಕ್ಕೆ ತಕ್ಕಷ್ಟು ಜನರನ್ನು ಕಂಪನಿ ಸೇರಿಸಿಕೊಂಡಿರಲಿಲ್ಲ ಎಂಬುದು ಆಮೇಲಿನ ಚರ್ಚೆ.

ಹೋದ ತಿಂಗಳು ಮೇಷ್ಟ್ರು ಕರೆಸಿದ್ದರು. ಮಗನಿಗೆ ಒಂದು ಸಣ್ಣ ಕಂಪನಿಯಿಂದ ಕರೆ ಬಂದಿತ್ತು. ಕಟ್ಟೆಯ ಮೇಲೆ ಚಹಾದ ಕಪ್ಪಿನ ಪಕ್ಕ ಹನ್ನೊಂದು ಪುಟದ ಕರಾರು. ಟೈಪ್ ರೇಟಿಂಗ್ ಖರ್ಚು ಕಂಪನಿಯದ್ದು, ಬದಲಿಗೆ ಮೂರು ವರ್ಷದ ಬಾಂಡ್. ನಡುವೆ ಬಿಟ್ಟರೆ ಲಕ್ಷಗಳ ಲೆಕ್ಕದಲ್ಲಿ ಕಟ್ಟಿಕೊಡಬೇಕು. ಹಾರದ ತಿಂಗಳಿಗೆ ಇಷ್ಟು, ಹಾರಿದ ತಾಸಿಗೆ ಇಷ್ಟು. ಮಗ ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವವರ ಹಾಗೆ ಕೆಂಪು ಪೆನ್ನು ಹಿಡಿದು ಸಾಲಿನಿಂದ ಸಾಲಿಗೆ ಇಳಿಯುತ್ತ ಬಂದು ಒಂಬತ್ತನೆಯ ಪುಟದಲ್ಲಿ ನಿಂತರು.

"ಇಂವ ಮೂರು ವರ್ಷ ಇರಬೇಕು ಅಂತ ಬರದಾರ. ಕಂಪನಿ ಮೂರು ವರ್ಷ ಇರ್ತದ ಅಂತ ಎಲ್ಲಿ ಬರದಾರ್ರೀ?"

ನಾನು ಉಳಿದೆರಡು ಪುಟ ನೋಡಿದೆ. ಆಮೇಲೆ ಇಬ್ಬರೂ ಮತ್ತೆ ಮೊದಲ ಪುಟದಿಂದ ಓದತೊಡಗಿದೆವು.